ನೀರು ಬಿಡುವವನು

ಮೂವತ್ತೊಂದು ವರ್ಷ ಶ್ರೀರಾಮಪುರಕ್ಕೆ ನೀರು ಬಿಟ್ಟವನು ನಾನು.
ಬೆಳಗಿನ ಜಾವ ಮೂರಕ್ಕೆದ್ದು
ಎದೆಮಟ್ಟದ ಕಬ್ಬಿಣದ ಕೀಲಿ ಹೆಗಲಿಗೇರಿಸಿ
ರಸ್ತೆ ನಡುವಿನ ಮುಚ್ಚಳ ಎತ್ತಿ, ಕೀಲಿ ಕೆಸರಿಗಿಳಿಸಿ
ತುಟಿಯಲ್ಲೇ ಸುತ್ತು ಎಣಿಸುತ್ತಿದ್ದೆ.
ಮೂರನೇ ಕ್ರಾಸಿಗೆ ಹನ್ನೊಂದು,
ಮಸೀದಿ ಹಿಂದಿನ ಸಂದಿಗೆ ಒಂಬತ್ತೂವರೆ.
ಏಳನೇ ಕ್ರಾಸಿನದು ಮಾತ್ರ ಎಡಕ್ಕೆ ತಿರುಗಬೇಕು,
ಯಾವ ಪುಣ್ಯಾತ್ಮ ಕೂರಿಸಿದನೋ ಉಲ್ಟಾ.
ಬಿಂದಿಗೆ ಹಿಡಿದವರೆಲ್ಲ ಕೇಳುವುದು ಒಂದೇ:
‘ಮುನಿಕೆಂಪಣ್ಣ, ನೀರು ಯಾವಾಗ?’

ನನ್ನದೇ ನೀರು ನಿಲ್ಲುತ್ತ ಬಂದದ್ದು ಯಾರಿಗೆ ಹೇಳಲಿ?
ಮೊದಮೊದಲು ರಾತ್ರಿಗೆ ಎರಡು ಸಲ, ಆಮೇಲೆ ಐದು.
ಬಚ್ಚಲ ಗೋಡೆಗೆ ಹಣೆಯಾನಿಸಿ ನಿಂತರೆ
ದಾರ ಕಡಿದ ಹಾಗೆ, ತಡೆದು ತಡೆದು,
ಕೊನೆಗೆ ಪಾದದ ಮೇಲೇ ನಾಲ್ಕು ಹನಿ.
ಅಕ್ಕಯ್ಯಮ್ಮ ಬಾರ್ಲಿ ನೀರು ಕುಡಿಸಿದಳು,
ಬಾಳೆದಿಂಡಿನ ಪಲ್ಯ ಮಾಡಿದಳು,
ಉಷ್ಣ ಅಂದಳು. ನಾನೂ ಉಷ್ಣ ಅಂದೆ.
ಗಂಡಸಿನ ಆ ಜಾಗದ ರೋಗಕ್ಕೆಲ್ಲ
ನಮ್ಮಲ್ಲಿ ಅದೊಂದೇ ಹೆಸರು.

ಹೊಸತೊಡಕಿನ ರಾತ್ರಿ ಪೂರ್ತಿ ಬಂದ್.
(ತೊಡಕು ಅಂತ ಹೆಸರಿಟ್ಟವರು ಸುಮ್ಮನೆ ಇಟ್ಟಿರಲಾರರು.)
ತುಂಬಿದ ಕೊಡವನ್ನು ಕಿಬ್ಬೊಟ್ಟೆಯೊಳಗೇ ಹೊತ್ತ ಹಾಗೆ.
ಆಟೋ ಹಂಪ್ ಹತ್ತಿದಾಗಲೆಲ್ಲ
ಒಬ್ಬೊಬ್ಬ ದೇವರನ್ನು ಕರೆದೆ.

ಎಮರ್ಜೆನ್ಸಿಯಲ್ಲಿ ನನ್ನ ಮಗಳ ವಯಸ್ಸಿನ ಡಾಕ್ಟರು.
ಪಂಚೆ ಬಿಗಿಹಿಡಿದೆ. ‘ಬಿಡಿ ಯಜಮಾನ್ರೇ’ ಅಂದರು.
ಬಿಟ್ಟೆ.
ತಣ್ಣನೆ ಜೆಲ್, ರಬ್ಬರಿನ ಕೊಳವೆ, ಒಂದು ಉರಿ,
ಆಮೇಲೆ, ಅಯ್ಯಪ್ಪಾ,
ಒಂದೂಕಾಲು ಲೀಟರು!
ಕಣ್ಣಲ್ಲೂ ಬಂತು. ಅದನ್ನು ಯಾರೂ ಅಳೆಯಲಿಲ್ಲ.

ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು:
ಇದು ಮೂತ್ರಕೋಶ, ಇದು ಹೊರಗೆ ಬರುವ ನಾಳ,
ಸುತ್ತ ಪ್ರಾಸ್ಟೇಟ್, ವಯಸ್ಸಿಗೆ ಊದಿಕೊಂಡಿದೆ.
ನನಗೆ ಕಂಡದ್ದು ಕೆರೆ, ತೂಬು, ರಾಜಕಾಲುವೆ,
ಎರಡೂ ಬದಿಯಿಂದ ಒತ್ತುವರಿ.
‘ಹಾಗಾದ್ರೆ ತೆರವು ಮಾಡ್ಬೇಕು’ ಅಂದೆ.
ನಕ್ಕರು. ‘ಮೊದಲು ಮಾತ್ರೆ. ನೋಟಿಸ್ ಕೊಟ್ಟು ನೋಡೋಣ.’

ಪಕ್ಕದ ಮಂಚದಲ್ಲಿ ಇಲಿಯಾಸ್, ವೆಲ್ಡಿಂಗ್ ಕೆಲಸದವನು,
ದಿನವಿಡೀ ಬೆಂಕಿಯೆದುರು, ನೀರು ಕುಡಿದರೆ ಕುಡಿದ.
ಬಿದ್ದ ಕಲ್ಲನ್ನು ಮಾತ್ರೆಯ ಖಾಲಿ ಗುಳಿಯಲ್ಲಿಟ್ಟು
ಬಂದವರಿಗೆಲ್ಲ ತೋರಿಸುತ್ತಿದ್ದ. ಸಾಸಿವೆಗಿಂತ ಚೂರು ದಪ್ಪ.
‘ಇಷ್ಟಕ್ಕಾ ಚಾಚಾ, ನಾನು ನೆಲದಲ್ಲಿ ಉರುಳಾಡಿದ್ದು?’

ಕಿಟಕಿ ಬದಿಯ ಹುಡುಗ ಏನೂ ತೋರಿಸಲಿಲ್ಲ.
ಹದಿನಾಲ್ಕು ವರ್ಷ. ಬೀಜ ತಿರುಚಿಕೊಂಡಿತ್ತು.
ಎಲ್ಲಿ ನೋವೆಂದು ಹೇಳಲು ನಾಚಿ, ಹೊಟ್ಟೆ ಅಂದು
ಇಡೀ ಒಂದು ದಿನ ದಿಂಬು ಕಚ್ಚಿ ಮಲಗಿದ್ದನಂತೆ.
‘ಆರು ಗಂಟೆಯೊಳಗೆ ಬಂದಿದ್ರೆ’ ಅಂದರು ಡಾಕ್ಟರು.
ಆ ವಾಕ್ಯ ಮುಗಿಸಲಿಲ್ಲ.
ಅವನಮ್ಮ ಅವನ ತಲೆ ಬಾಚುತ್ತಲೇ ಇದ್ದಳು,
ಬಾಚಿದ್ದನ್ನೇ.

ರಾತ್ರಿ ಮೂರಕ್ಕೆ ಬದಲಿ ಹುಡುಗನ ಫೋನು:
‘ಅಣ್ಣಾ, ಏಳನೇ ಕ್ರಾಸ್ ತಿರುಗ್ತಿಲ್ಲ.’
‘ಎಡಕ್ಕೆ ಕಣೋ’ ಪಿಸುಗುಟ್ಟಿದೆ, ‘ಬಲವಂತ ಮಾಡ್ಬೇಡ.’
ಮಂಚದ ಕಂಬಿಗೆ ತೂಗಿದ ಚೀಲದಲ್ಲಿ
ಚಹಾ ಬಣ್ಣದ ನನ್ನ ರಾತ್ರಿ, ಇನ್ನೂರು ಗೀಟಿನವರೆಗೆ.

ನಾಲ್ಕನೇ ದಿನ ಕೊಳವೆ ತೆಗೆದರು.
‘ತಾನಾಗೇ ಬಂದ್ರೆ ಮನೆಗೆ. ಬರ್ಲಿಲ್ವಾ, ನಲ್ಲಿ ತಿರುಗಿಸಿ,
ಸದ್ದು ಕೇಳಿದ್ರೆ ಬರುತ್ತೆ’ ಅಂದರು ನರ್ಸಮ್ಮ.
ತಿರುಗಿಸಿದೆ. ಗೊರಗೊರ ಗಾಳಿ.
ಇವತ್ತು ಈ ಲೈನಿನ ದಿನವಲ್ಲ,
ನನಗೆ ಗೊತ್ತಿರಬೇಕಿತ್ತು.

ಬಾಗಿಲಾಚೆ ಅಕ್ಕಯ್ಯಮ್ಮ
ಅತ್ತಿತ್ತ ನೋಡಿಕೊಂಡಿರಬೇಕು, ಕೊಂಚ ತಡೆದು,
ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು ಅನ್ನುತ್ತಿದ್ದ ಹಾಗೆ
‘ಉಸ್ಸ್ಸ್’ ಅಂದಳು.

ಹಣೆ ಗೋಡೆಗಾನಿಸಿದೆ.
ಇದಕ್ಕೆಷ್ಟು ಸುತ್ತೋ ತಿಳಿಯದು.
ಒಂದು. ಎರಡು.